ದುಂಡೆಲೆಯ ಇಸ್ಪೀಟು: ಗಂಜೀಫಾ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದರ ಜಾರುಮುಚ್ಚಳ ಸರಿಸಿದರೆ ಒಳಗೆ ಅಂಗೈಯಲ್ಲಿ ಹಿಡಿಸುವಷ್ಟು ದುಂಡಗಿನ ನೂರಿಪ್ಪತ್ತು ಬಿಲ್ಲೆಗಳು. ಒಮ್ಮೆ ನಾಲ್ಕಾರು ಎಲೆಗಳನ್ನು ಮೇಜಿನ ಮೇಲೆ ಕವುಚಿಟ್ಟು ನಾನು ಒಳಗೆ ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ನೆಂಟರೊಬ್ಬರು ಅವುಗಳಲ್ಲೊಂದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ಲೋಟ ಇಡುವುದಕ್ಕೆಂದೇ ಮಾಡಿಸಿದ ತಟ್ಟೆ ಎಂದುಕೊಂಡರಂತೆ. ಎತ್ತಿ ತಿರುಗಿಸಿದರೆ ವಾಮನ. ಅವನ ಬೆನ್ನಿನ ಮೇಲೆ ಲೋಟದ ತಳದಷ್ಟೇ ಅಗಲದ ಬಳೆಯಂಥ ಕಲೆ ಇಂದಿಗೂ ಇದೆ. ಆ ನೆಂಟರಿಂದ ಮೊದಲಾಗಿ ಈವರೆಗೆ ಬಂದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಗಂಜೀಫಾ ಎಂದರೆ ಚಿತ್ರಕಲೆಯೋ, ಆಟವೋ?

ಆಟ. ಇದು ನಮ್ಮ ಇಸ್ಪೀಟಿಗೂ ಮೊದಲಿನ ಎಲೆಯಾಟ. ಎಲೆಗಳನ್ನು ಕಲಾವಿದರು ಒಂದೊಂದಾಗಿ ಕೈಯಿಂದ ಬರೆಯುತ್ತಾರೆ. ಬರೆದದ್ದು ಸೊಗಸಾಗಿರುವುದರಿಂದ ಜನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಎಲೆಯ ಆಕಾರ, ಹಿನ್ನೆಲೆಯ ಬಣ್ಣ, ಅಂಚಿನ ಪಟ್ಟಿ, ಬೋಳು ಬೆನ್ನು ಎಲ್ಲವೂ ಆಟಕ್ಕೆಂದೇ ಇರುವಂಥವು. ಗೋಡೆಯ ಮೇಲೆ ನೋಡಿದರೆ ಅಲಂಕಾರವಾಗಿ ಕಾಣುವುದು ಕೈಯಲ್ಲಿ ಹಿಡಿದಾಗ ಅನುಕೂಲವಾಗಿ ಕಾಣುತ್ತದೆ.

ದುಂಡಗೆ ಏಕೆ?

ಹತ್ತು ನಿಮಿಷ ಕೈಯಲ್ಲಿ ಹಿಡಿದು ಆಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಹಳೆಯ ಎಲೆಗಳು ಬಟ್ಟೆಯ ಪದರಗಳನ್ನು ಅಂಟಿಸಿ ಮಾಡಿದವು. ಬಟ್ಟೆಯೆಲೆಗೆ ಮೂಲೆ ಇದ್ದರೆ ಮೊದಲು ಬಿಚ್ಚಿಕೊಳ್ಳುವುದೇ ಮೂಲೆ. ದುಂಡಗಿನ ಎಲೆ ಸುತ್ತಲೂ ಸಮನಾಗಿ ಸವೆಯುತ್ತದೆ. ಹತ್ತಿಪ್ಪತ್ತು ಎಲೆಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದಾಗ ಪ್ರತಿ ಎಲೆಯದೂ ಬಿದಿಗೆ ಚಂದ್ರನಷ್ಟು ಅಂಚು ಮಾತ್ರ ಕಾಣುತ್ತದೆ. ಅಷ್ಟರಲ್ಲೇ ಎಲೆ ಯಾವುದೆಂದು ತಿಳಿಯಬೇಕು. ಅದಕ್ಕೇ ಹಿನ್ನೆಲೆಯ ಬಣ್ಣವನ್ನು ಅಂಚಿನವರೆಗೂ ಎಳೆದಿರುತ್ತಾರೆ.

ಹಾಗೆಂದು ಗಂಜೀಫಾ ಎಲ್ಲೆಲ್ಲೂ ದುಂಡಗೇ ಇತ್ತೆಂದಲ್ಲ. ಚೌಕನೆಯ, ಆಯತಾಕಾರದ ಎಲೆಗಳೂ ಉಂಟು. ದುಂಡೆಲೆ ಬರೀ ನಮ್ಮದು ಎಂದು ಎದೆಯುಬ್ಬಿಸುವ ಹಾಗೂ ಇಲ್ಲ. ಜರ್ಮನಿಯ ಕಲೋನ್ ನಗರದಲ್ಲಿ ಸುಮಾರು 1500ರ ಹೊತ್ತಿಗೆ ಒಬ್ಬ ಕೆತ್ತನೆಗಾರ 72 ದುಂಡಗಿನ ಎಲೆಗಳ ಕಟ್ಟೊಂದನ್ನು ತಾಮ್ರದ ಹಲಗೆಯಲ್ಲಿ ಕೊರೆದು ಅಚ್ಚು ಹಾಕಿದ. ಮೊಲ, ಗಿಳಿ ಮತ್ತು ಮೂರು ಬಗೆಯ ಹೂಗಳು, ಹೀಗೆ ಐದು ಬಣ್ಣಗಳ ಕಟ್ಟು ಅದು. ಎಲೆಯಾಟದಲ್ಲಿ ಬಣ್ಣ ಎಂದರೆ ಒಂದೇ ಗುರುತಿನ ಎಲೆಗಳ ಗುಂಪು. ಅವನ ಪೂರ್ತಿ ಹೆಸರು ಉಳಿದಿಲ್ಲ. ಎಲೆಯ ಮೇಲೆ ಬರೆದುಕೊಂಡ ಪಿ.ಡಬ್ಲ್ಯೂ. ಎಂಬ ಎರಡಕ್ಷರವೇ ಈಗ ಅವನ ಹೆಸರು.

ಒಂದು ಕಟ್ಟಿನಲ್ಲಿ ಎಷ್ಟು ಎಲೆ?

ಮೊಗಲ್ ಗಂಜೀಫಾದಲ್ಲಿ 8 ಬಣ್ಣ, ಬಣ್ಣಕ್ಕೆ 12 ಎಲೆ, ಒಟ್ಟು 96. ದಶಾವತಾರದ ಗಂಜೀಫಾದಲ್ಲಿ 10 ಬಣ್ಣ, ಒಟ್ಟು 120. ಪ್ರತಿ ಬಣ್ಣದಲ್ಲೂ ಒಬ್ಬ ರಾಜ, ಒಬ್ಬ ಪ್ರಧಾನಿ, ಮಿಕ್ಕ ಹತ್ತು ಅಂಕಿಯ ಎಲೆಗಳು. ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಕಣ್ಣಿಗೆ ಕಾಣುವುದು ಕೆಂಪು ಇಲ್ಲವೇ ಕಪ್ಪು, ಎರಡೇ. ಇಲ್ಲಿ ಹತ್ತು ಬಣ್ಣಕ್ಕೆ ನಿಜವಾಗಿಯೂ ಹತ್ತು ಬಗೆಯ ಹಿನ್ನೆಲೆ.

ಬರೆಯುವವರ ಕಡೆಯಿಂದ ಒಂದು ಲೆಕ್ಕ ಹಾಕಿ ನೋಡಿ. ಒಂದರಿಂದ ಹತ್ತರವರೆಗೆ ಕೂಡಿಸಿದರೆ 55. ಮತ್ಸ್ಯದ ಬಣ್ಣಕ್ಕೆ 55 ಮೀನು, ಕೂರ್ಮಕ್ಕೆ 55 ಆಮೆ, ಪರಶುರಾಮನಿಗೆ 55 ಕೊಡಲಿ. ಹತ್ತು ಬಣ್ಣಕ್ಕೆ 550 ಚಿಕ್ಕ ಚಿಕ್ಕ ಚಿತ್ರಗಳು. ರಾಜರು, ಪ್ರಧಾನಿಗಳು ಸೇರಿ 20 ಎಲೆಗಳ ಕೆಲಸ ಬೇರೆ. ನನ್ನ ಕಟ್ಟಿನ ಹತ್ತು ಮೀನಿನ ಎಲೆಯನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಒಂಬತ್ತು ಮೀನುಗಳ ಕಣ್ಣಿಗೆ ಕಪ್ಪು ಚುಕ್ಕೆ ಇದೆ, ಹತ್ತನೆಯದಕ್ಕೆ ಇಲ್ಲ. ಆ ಹೊತ್ತಿಗೆ ಬರೆದವರಿಗೂ ಸಾಕೆನಿಸಿರಬೇಕು.

ರಾಣಿ ಎಲ್ಲಿ?

ಇಲ್ಲ. ಇಸ್ಪೀಟಿನ ರಾಣಿ ಯುರೋಪಿನಿಂದ ಬಂದವಳು. ಗುಲಾಮ ಮಾತ್ರ ಎರಡೂ ಕಡೆ ಇದ್ದಾನೆ, ಆದರೆ ಅವನ ಸ್ಥಾನ ಬೇರೆ. ಮೊಗಲ್ ಕಟ್ಟಿನಲ್ಲಿ ‘ಗುಲಾಮ್’ ಎಂಬುದು ಒಂದು ಇಡೀ ಬಣ್ಣದ ಹೆಸರು. ಉಳಿದವು ತಾಜ್ ಅಂದರೆ ಕಿರೀಟ, ಸಫೇದ್ ಅಂದರೆ ಬೆಳ್ಳಿ ನಾಣ್ಯ, ಶಂಶೇರ್ ಅಂದರೆ ಕತ್ತಿ, ಚಂಗ್ ಎಂಬ ತಂತಿವಾದ್ಯ, ಸುರ್ಖ್ ಅಂದರೆ ಚಿನ್ನದ ನಾಣ್ಯ, ಬರಾತ್ ಅಂದರೆ ಹುಕುಂ ಬರೆದ ಕಾಗದ, ಕಿಮಾಶ್ ಅಂದರೆ ಸರಕು. ಖಜಾನೆ, ಸೇನೆ, ದಫ್ತರ, ಉಗ್ರಾಣ, ಸಂಗೀತ: ಒಂದು ಅರಮನೆಯ ಇಲಾಖೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದಂತಿದೆ.

ಇದು ನಮ್ಮ ನಾಡಿಗೆ ಹೇಗೆ ಬಂತು?

ಪರ್ಷಿಯಾದ ಕಡೆಯಿಂದ, ಮೊಗಲರ ಜೊತೆ. ಬಾಬರನ ದಿನಚರಿಯಲ್ಲಿ 1527ರ ಒಂದು ನಮೂದು ಇದೆ. ಸಿಂಧ್ ಪ್ರಾಂತದ ಶಾ ಹುಸೇನನಿಗೆ ಗಂಜೀಫಾ ಬಹಳ ಇಷ್ಟವೆಂದೂ ಕೇಳಿ ಕಳುಹಿಸಿದ್ದನೆಂದೂ ಅದಕ್ಕಾಗಿ ಎಲೆಗಳನ್ನು ಕಳುಹಿಸಿಕೊಟ್ಟೆನೆಂದೂ ಅಲ್ಲಿ ಬರೆದುಕೊಂಡಿದ್ದಾನೆ.

ಅವನ ಮೊಮ್ಮಗ ಅಕ್ಬರನ ಕಾಲದ ವಿವರ ಇನ್ನೂ ರುಚಿಕರ. ಐನ್-ಎ-ಅಕ್ಬರಿ ಎಂಬ ಗ್ರಂಥದಲ್ಲಿ ಅವನ ಆಸ್ಥಾನದ ಅಬುಲ್ ಫಜಲ್ 12 ಬಣ್ಣಗಳ 144 ಎಲೆಗಳ ಕಟ್ಟೊಂದನ್ನು ವರ್ಣಿಸುತ್ತಾನೆ. ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ ಎಂದು ಸಾಗುವ ಪಟ್ಟಿ ಅಹಿಪತಿಯವರೆಗೆ, ಅಂದರೆ ಹಾವುಗಳ ರಾಜನವರೆಗೆ ಹೋಗುತ್ತದೆ. ಹೆಸರುಗಳೆಲ್ಲ ಸಂಸ್ಕೃತದ ಕಡೆಯವು. ಕುದುರೆಯ ಬಲದ ಅಶ್ವಪತಿ ದೆಹಲಿಯ ದೊರೆಯಂತೆ, ಆನೆಯ ಬಲದ ಗಜಪತಿ ಒಡಿಶಾದ ದೊರೆಯಂತೆ, ಕಾಲಾಳುಗಳ ಬಲದ ನರಪತಿ ವಿಜಾಪುರದ ದೊರೆಯಂತೆ ಎಂದು ಅವನ ಹೋಲಿಕೆ. ಅಕ್ಬರನ ಜಮಖಾನೆಯ ಮೇಲೆ ನಮ್ಮ ವಿಜಾಪುರವೂ ಒಂದು ಎಲೆಯಾಗಿ ಬಿದ್ದಿತ್ತು ಎನ್ನುವುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

ಹಾಗಾದರೆ ದಶಾವತಾರ?

ಆಟದ ಎಲುಬುಗೂಡು ಹಾಗೇ ಉಳಿಯಿತು, ಮೈಮೇಲಿನ ಬಟ್ಟೆ ಬದಲಾಯಿತು. ಕಿರೀಟ, ಕತ್ತಿ, ನಾಣ್ಯಗಳ ಜಾಗಕ್ಕೆ ಅವತಾರಗಳು ಬಂದವು. ವಾಮನನಿಗೆ ಕಮಂಡಲು, ನರಸಿಂಹನಿಗೆ ಚಕ್ರ, ಕಲ್ಕಿಗೆ ಕತ್ತಿ ಅಥವಾ ಕುದುರೆ ಗುರುತು. ಊರು ಬದಲಾದಂತೆ ಗುರುತುಗಳೂ ಬದಲಾಗುತ್ತವೆ. ಒಡಿಶಾದಲ್ಲೂ ಬಂಗಾಳದ ಬಿಷ್ಣುಪುರದಲ್ಲೂ ಒಂಬತ್ತನೆಯ ಅವತಾರದ ಜಾಗದಲ್ಲಿ ಪುರಿಯ ಜಗನ್ನಾಥ ದುಂಡು ಕಣ್ಣು ಬಿಟ್ಟುಕೊಂಡು ಕುಳಿತಿರುತ್ತಾನೆ. ದುಂಡೆಲೆಗೆ ಅವನಷ್ಟು ಚೆನ್ನಾಗಿ ಹೊಂದಿಕೊಂಡ ದೇವರು ಇನ್ನೊಬ್ಬನಿಲ್ಲ.

ಮೈಸೂರಿನ ‘ಛದ’ ಎಂದರೇನು?

ಸಂಸ್ಕೃತದಲ್ಲಿ ಛದ ಎಂದರೆ ಎಲೆ. ಏಳೆಲೆಯ ಮರ ಸಪ್ತಪರ್ಣಿಗೆ ‘ಸಪ್ತಚ್ಛದ’ ಎಂಬ ಹೆಸರೂ ಇದೆಯಲ್ಲ, ಅದೇ ಛದ. ನಾವು ಇಸ್ಪೀಟೆಲೆ ಎನ್ನುವ ಹಾಗೆಯೇ ಮೈಸೂರಿನ ಅರಮನೆಯೂ ‘ಎಲೆ’ ಎಂದೇ ಕರೆಯಿತು.

ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು ಆಡಳಿತ ಕಿತ್ತುಕೊಂಡದ್ದು 1831ರಲ್ಲಿ. ಅವರು ತೀರಿಕೊಂಡದ್ದು 1868ರಲ್ಲಿ. ನಡುವಿನ ಮೂವತ್ತೇಳು ವರ್ಷ ಸಿಂಹಾಸನ ಇತ್ತು, ಆಳ್ವಿಕೆ ಇರಲಿಲ್ಲ. ಬುದ್ಧಿ ಸುಮ್ಮನಿರುವ ಜಾತಿಯದಲ್ಲ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ತುರಗಗತಿಯ ಒಗಟನ್ನು ಬಗೆಬಗೆಯಾಗಿ ಬಿಡಿಸಿದವರು ಅವರು. ಎಲೆಯಾಟವನ್ನೂ ಬಿಡಲಿಲ್ಲ. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ, ಅಂದರೆ ಭಾಗಗಳಲ್ಲಿ, ಕೌತುಕನಿಧಿ ಎಂಬುದೊಂದು. ಛದದ ಆಟಗಳು ಅದರಲ್ಲಿ ಬಣ್ಣದ ಚಿತ್ರಗಳ ಸಮೇತ ಇವೆ. ಚಾಮುಂಡೇಶ್ವರಿಯ ಹೆಸರಿನದೊಂದು, ಜಗನ್ಮೋಹನ ಎಂಬ ಹೆಸರಿನದೊಂದು, ಹೀಗೆ.

ಇವು ಮೊಗಲ್ ಆಟದ ನಕಲಲ್ಲ. ಸಾಮಾನ್ಯವಾಗಿ ಬಣ್ಣಕ್ಕೆ 12 ಅಂಕಿಯ ಎಲೆ, 6 ಚಿತ್ರದೆಲೆ. ಕೆಲವು ಆಟಗಳಲ್ಲಿ 18 ಬಣ್ಣಗಳವರೆಗೆ, ಕಟ್ಟಿಗೆ 360 ಎಲೆಗಳವರೆಗೆ. ಕೆಲವಕ್ಕೆ ಕಾಯಂ ತುರುಪು, ಕೆಲವಕ್ಕೆ ಇಸ್ಪೀಟಿನ ಜೋಕರಿನಂತೆ ಯಾವ ಎಲೆಯಾಗಿಯೂ ನಡೆಯುವ ಎಲೆಗಳು. ಅರಮನೆಯ ಗೋಡೆ ದಾಟಿ ಪೇಟೆಯ ಜಗಲಿಗೆ ಬರಲಿಲ್ಲ ಎಂದರೆ ಆಶ್ಚರ್ಯವೇನು? ಮುನ್ನೂರರವತ್ತು ಎಲೆ ಕಲೆಸಿ ಹಂಚುವಷ್ಟರಲ್ಲಿ ಜಗಲಿಯವರು ಊಟಕ್ಕೆ ಏಳುವ ಹೊತ್ತು.

ಆಡುವುದು ಹೇಗೆ? ಇಸ್ಪೀಟು ಬಲ್ಲವರಿಗೆ ಕಷ್ಟವೇ?

ನಿಯಮ ಸುಲಭ, ನೆನಪಿಟ್ಟುಕೊಳ್ಳುವುದು ಕಷ್ಟ. ಊರಿನಿಂದ ಊರಿಗೆ ಕ್ರಮ ಸ್ವಲ್ಪ ಬೇರೆ. ನಮ್ಮ ಮನೆಯಲ್ಲಿ ದಶಾವತಾರದ ಕಟ್ಟಿನಲ್ಲಿ ಮೂವರು ಆಡುತ್ತೇವೆ, ತಲೆಗೆ 40 ಎಲೆ. ದುಂಡಗಿನ ಎಲೆಯನ್ನು ಇಸ್ಪೀಟಿನಂತೆ ಪಟಪಟನೆ ಕಲೆಸಲಾಗುವುದಿಲ್ಲ. ನೆಲಕ್ಕೆ ಬಿಳಿಯ ಬಟ್ಟೆ ಹಾಸಿ, ಎಲೆಗಳನ್ನು ಕವುಚಿ ಹಾಕಿ, ಎರಡೂ ಅಂಗೈಗಳಿಂದ ರಾಗಿ ಹರವಿದ ಹಾಗೆ ಸುತ್ತಾಡಿಸಿ ಒಟ್ಟುಗೂಡಿಸಬೇಕು. ಆ ಸದ್ದೇ ಚೆನ್ನ.

ಹಗಲಲ್ಲಿ ಆಡಿದರೆ ರಾಮ ಯಾರ ಕೈಯಲ್ಲಿದ್ದಾನೋ ಅವರು ಮೊದಲು ಇಳಿಸುತ್ತಾರೆ, ರಾತ್ರಿಯಾದರೆ ಕೃಷ್ಣ ಇರುವವರು. ಮೊಗಲ್ ಕಟ್ಟಿನಲ್ಲಿ ಹಗಲಿಗೆ ಚಿನ್ನದ ನಾಣ್ಯದ ರಾಜ, ರಾತ್ರಿಗೆ ಬೆಳ್ಳಿ ನಾಣ್ಯದ ರಾಜ. ಸೂರ್ಯ ಮುಳುಗಿದನೋ ಇಲ್ಲವೋ ಎಂದು ಕಿಟಕಿಯತ್ತ ನೋಡಿ ಶುರುಮಾಡುವ ಎಲೆಯಾಟ ಇದೊಂದೇ ಇರಬೇಕು. ಮುಸ್ಸಂಜೆಯಲ್ಲಿ ನಮ್ಮ ಮನೆಯಲ್ಲಿ ಜಗಳವಾಗುತ್ತದೆ. ದೀಪ ಹಚ್ಚಿದ ಮೇಲೆ ರಾತ್ರಿ ಎಂದು ಅತ್ತೆ ತೀರ್ಪು ಕೊಟ್ಟಿದ್ದಾರೆ.

ಈ ಆಟಕ್ಕೆ ತುರುಪು ಇಲ್ಲ. ಇಳಿಸಿದ ಎಲೆಯನ್ನು ಅದೇ ಬಣ್ಣದ ಮೇಲಿನ ಎಲೆ ಮಾತ್ರ ಹೊಡೆಯುತ್ತದೆ. ಒಂದು ಬಣ್ಣದಲ್ಲಿ ಆ ಹೊತ್ತಿಗೆ ಉಳಿದಿರುವ ಎಲೆಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಹುಕುಂ ಎಂದು ಹೆಸರು. ರಾಜ ಹೋದ ಮೇಲೆ ಪ್ರಧಾನಿ ಹುಕುಂ, ಅವನೂ ಹೋದ ಮೇಲೆ ಕೆಳಗಿನದು. ನಿಮ್ಮ ಕೈಯ ಎಲೆ ಹುಕುಂ ಆಯಿತೇ ಎಂದು ತಿಳಿಯಬೇಕಾದರೆ ಅದಕ್ಕಿಂತ ಮೇಲಿನವು ಬಿದ್ದುಹೋಗಿವೆಯೇ ಎಂಬುದು ನೆನಪಿರಬೇಕು. ಅದೂ ಹತ್ತು ಬಣ್ಣಗಳಲ್ಲಿ. ಕೊನೆಗೆ ಯಾರು ಹೆಚ್ಚು ಎಲೆ ಗೆದ್ದರು ಎಂಬ ಲೆಕ್ಕ.

ಇಷ್ಟು ಸಾಲದೆಂಬಂತೆ ಇನ್ನೊಂದು ತಿರುವು ಇದೆ. ಅರ್ಧ ಬಣ್ಣಗಳಲ್ಲಿ ಪ್ರಧಾನಿಯ ನಂತರ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ತಲೆಕೆಳಗು: ಒಂದು ದೊಡ್ಡದು, ಹತ್ತು ತೀರಾ ಚಿಕ್ಕದು. ಮೊಗಲ್ ಕಟ್ಟಿನಲ್ಲಿ ಕಿರೀಟ, ಬೆಳ್ಳಿ, ಕತ್ತಿ, ಗುಲಾಮ ನೆಟ್ಟಗಿನವು, ಮಿಕ್ಕ ನಾಲ್ಕು ತಿರುವಿನವು. ಹೊಸಬರು ಸೋಲುವುದು ಇಲ್ಲೇ. ಹತ್ತರ ಎಲೆ ಇಳಿಸಿ ಮೀಸೆ ತಿರುವುತ್ತಾರೆ, ಎದುರಿನವರು ಸದ್ದಿಲ್ಲದೆ ಎರಡು ಇಳಿಸಿ ಎತ್ತಿಕೊಳ್ಳುತ್ತಾರೆ.

ದೇವರ ಚಿತ್ರ ಹಿಡಿದು ಜೂಜಾಡಬಹುದೇ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹಿರಿಯರು, ಕೇಳುವ ದನಿಯಲ್ಲೇ ಉತ್ತರವೂ ಇರುತ್ತದೆ. ದಶಾವತಾರದ ಆಟ ದುಡ್ಡಿಗಿಂತ ನೆನಪಿನ ಮೇಲೆ ನಿಂತದ್ದು. ಆಡುವಾಗ ಅವತಾರಗಳ ಹೆಸರು ಬಾಯಿಗೆ ಬರುತ್ತದೆ, ಅದೂ ನಾಮಸ್ಮರಣೆಯೇ ಎಂಬ ಸಮಾಧಾನ ಹಳಬರಲ್ಲಿತ್ತು. ಜೂಜಿಗೆ ಬೇರೆಯದೇ ಕಟ್ಟು ಇತ್ತು. ಅದರ ಹೆಸರು ನಕ್ಷ್. ಒಂದೇ ಬಣ್ಣದ 12 ಎಲೆಗಳ ನಾಲ್ಕು ಪ್ರತಿ ಸೇರಿ 48 ಎಲೆ. ಅಂಕಿಗಳನ್ನು ಕೂಡಿಸಿ 17 ಅಥವಾ 21 ಮುಟ್ಟುವ ಆಟ. ಈಗಿನ ಕ್ಯಾಸಿನೋಗಳಲ್ಲಿ ಕೋಟು ಹಾಕಿಕೊಂಡು ಆಡುವ ಇಪ್ಪತ್ತೊಂದರ ದಾಯಾದಿ ಎನ್ನಬಹುದು.

ಎಲೆ ಹೇಗೆ ತಯಾರಾಗುತ್ತದೆ?

ಅರಮನೆಗೆ ಒಂದು ಬಗೆ, ಪೇಟೆಗೆ ಒಂದು ಬಗೆ. ದರ್ಬಾರಿ ಕಲಮಿನ ಎಲೆಗಳು ದಂತ, ಆಮೆಚಿಪ್ಪು, ಮುತ್ತಿನ ಚಿಪ್ಪಿನವು. ಬಾಜಾರಿ ಕಲಮಿನವು ಬಟ್ಟೆ, ಕಾಗದದ ಹಿಟ್ಟು, ತಾಳೆಗರಿಯವು. ದಂತದ ಎಲೆಗಳು ವಸ್ತುಸಂಗ್ರಹಾಲಯಕ್ಕೇ ಇರಲಿ, ಈಗ ಆನೆಯ ದಂತದ ವ್ಯಾಪಾರ ಅಪರಾಧ.

ಬಟ್ಟೆಯ ಎಲೆಯ ಕ್ರಮ ಹೇಳುತ್ತೇನೆ. ಹಳೆಯ ಹತ್ತಿ ಬಟ್ಟೆ ಬೇಕು. ಹೊಸದರಲ್ಲಿ ಗಂಜಿ ಇರುತ್ತದೆ, ಅಂಟು ಹೀರುವುದಿಲ್ಲ. ಹುಣಸೆ ಬೀಜವನ್ನು ನೆನೆಹಾಕಿ, ಅರೆದು, ಕಾಯಿಸಿ ಅಂಟು ಮಾಡುತ್ತಾರೆ. ಆ ಅಂಟಿನಲ್ಲಿ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಕೂರಿಸಿ ಬಿಸಿಲಿಗೆ ಒಣಗಿಸುತ್ತಾರೆ. ಮೇಲೆ ಸುಣ್ಣದ ಪುಡಿ ಬೆರೆಸಿದ ಅಂಟು ಬಳಿದು, ನಯವಾದ ಕಲ್ಲಿನಿಂದ ಹೊಳಪು ಬರುವವರೆಗೆ ಉಜ್ಜುತ್ತಾರೆ. ಆಮೇಲೆ ದುಂಡಗೆ ಕತ್ತರಿಸುವುದು. ಹಿನ್ನೆಲೆಯ ಬಣ್ಣ ಮೊದಲು, ಚಿತ್ರ ನಂತರ, ಸೂಜಿಮೊನೆಯ ಕುಂಚದ ಕಪ್ಪು ಗೆರೆ ಕೊನೆಗೆ. ಒಡಿಶಾದ ಚಿತ್ರಕಾರರು ಶಂಖದಿಂದ ಬಿಳಿ, ಇಂಗಳಿಕದಿಂದ ಕೆಂಪು, ಹರಿದಾಳದಿಂದ ಹಳದಿ, ದೀಪದ ಕಾಡಿಗೆಯಿಂದ ಕಪ್ಪು ತೆಗೆಯುತ್ತಾರೆ. ತೇವ ತಾಗದಿರಲೆಂದು ಮೇಲೆ ಅರಗಿನ ಲೇಪ. ಬೆನ್ನಿಗೆ ಒಂದೇ ಬಣ್ಣ. ಅಲ್ಲಿ ಚಿತ್ರ ಬರೆಯಲು ಹೋದರೆ ಒಂದಿನಿತು ವ್ಯತ್ಯಾಸವಾದರೂ ಎಲೆ ಗುರುತು ಸಿಕ್ಕಿಬಿಡುತ್ತದೆ.

ಈಗಲೂ ಬರೆಯುವವರು ಇದ್ದಾರೆಯೇ?

ಇದ್ದಾರೆ, ಕೆಲವೇ ಊರುಗಳಲ್ಲಿ. ಒಡಿಶಾದ ರಘುರಾಜಪುರದಲ್ಲಿ ಪಟಚಿತ್ರದ ಮನೆಗಳಲ್ಲಿ ಇದೂ ನಡೆಯುತ್ತದೆ. ಬಿಷ್ಣುಪುರದಲ್ಲಿ ಫೌಜದಾರ್ ಮನೆತನದವರ ಕೈಯಲ್ಲಿ ಉಳಿದಿದೆ. ಗೋವಾದ ಗಡಿಯಾಚೆಯ ಸಾವಂತವಾಡಿಯಲ್ಲಿ ಕಲೆ ಇನ್ನೇನು ಆರಿಹೋಗುತ್ತದೆ ಎನ್ನುವಾಗ, 1970ರ ದಶಕದಲ್ಲಿ, ಅಲ್ಲಿನ ರಾಜಮನೆತನದ ಶಿವರಾಮರಾಜೇ ಭೋಸಲೆ ಮತ್ತು ಸತ್ವಶೀಲಾದೇವಿ ಅರಮನೆಯಲ್ಲೇ ಕಾರ್ಯಾಗಾರ ತೆರೆದರು. ಅಳಿದುಳಿದ ಚಿತಾರಿಗಳಿಂದ, ಅಂದರೆ ಚಿತ್ರ ಬರೆಯುವ ಕಸುಬಿನವರಿಂದ, ಹೊಸಬರಿಗೆ ಕಲಿಸಿದರು, ತಾವೂ ಕುಂಚ ಹಿಡಿದರು. ಮೈಸೂರಿನ ಶೈಲಿಗೆ ಮರುಜೀವ ಕೊಟ್ಟ ಹೆಸರು ಗಂಜೀಫಾ ರಘುಪತಿ ಭಟ್ಟರದು. ಮೈಸೂರು ಗಂಜೀಫಾಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಎಂಬ ಭೌಗೋಳಿಕ ಗುರುತು ಕೂಡ ಇದೆ.

ಇಷ್ಟು ಚೆನ್ನಾಗಿದ್ದದ್ದು ಮೂಲೆಗೆ ಸರಿದದ್ದೇಕೆ?

ಅಚ್ಚಿನ ಇಸ್ಪೀಟು. ಹಡಗಿನಲ್ಲಿ ಬಂತು, ಅಗ್ಗವಾಗಿತ್ತು, 52 ಎಲೆ ಕಿಸೆಯಲ್ಲಿ ಹಿಡಿಯುತ್ತಿತ್ತು, ಹರಿದರೆ ಇನ್ನೊಂದು ಕಟ್ಟು.

ಎಲ್ಲಿ ನೋಡಬಹುದು?

ಮೈಸೂರಿನಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮತ್ತು ಬ್ರಿಟಿಷ್ ಮ್ಯೂಸಿಯಂ ಹತ್ತಿರ. 1982ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಭಾರತದ ಗಂಜೀಫಾಕ್ಕೆಂದೇ ಪ್ರದರ್ಶನ ನಡೆದಿತ್ತು. ಅದರ ಹಿಂದಿದ್ದವರು ಬರ್ಲಿನ್ನಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್. ಮೈಸೂರಿನ ಛದದ ಬಗ್ಗೆ ಕೂತು ಬರೆದವರೂ ಅವರೇ.

ಕೊಳ್ಳುವಾಗ ಏನು ನೋಡಬೇಕು?

ಕೈಯಲ್ಲಿ ಬರೆದದ್ದೋ, ಅಚ್ಚು ಹಾಕಿದ್ದೋ ಎಂದು ಮೊದಲು ನೋಡಿ. ಒಂದು ಮೇಳದಲ್ಲಿ ನಾನು ‘ಕೈಬರಹದ್ದು’ ಎಂಬ ಮಾತು ನಂಬಿ ಒಂದು ಕಟ್ಟು ತಂದೆ. ಮನೆಗೆ ಬಂದು ಏಳು ಆಮೆಯ ಎಲೆ, ಎಂಟು ಆಮೆಯ ಎಲೆ ಪಕ್ಕಪಕ್ಕ ಇಟ್ಟರೆ ಎಲ್ಲ ಆಮೆಗಳೂ ಒಂದೇ ಕೋನದಲ್ಲಿ ಒಂದೇ ಕಾಲು ಎತ್ತಿದ್ದವು. ಕೈಯಲ್ಲಿ ಬರೆದ ಆಮೆಗಳು ಹಾಗೆ ಕವಾಯತು ಮಾಡುವುದಿಲ್ಲ. ಅಚ್ಚಿನದು ಕೆಟ್ಟದ್ದೆಂದಲ್ಲ. ಆಟ ಕಲಿಯುವವರಿಗೆ ಅದೇ ವಾಸಿ, ಅಚ್ಚಿನ ಬೆಲೆಗೆ ಸಿಗಬೇಕಷ್ಟೇ.

ಎರಡನೆಯದಾಗಿ, ಆಡುವ ಉದ್ದೇಶವಿದ್ದರೆ ಎಲೆಗಳನ್ನು ಎಣಿಸಿಕೊಳ್ಳಿ. ಚಂದದ ಹತ್ತು ರಾಜರನ್ನು ಮಾತ್ರ ಒಂದು ಡಬ್ಬಿಗೆ ಹಾಕಿ ‘ಗಂಜೀಫಾ ಸೆಟ್’ ಎಂದು ಮಾರುವುದುಂಟು. ಹತ್ತು ರಾಜರು ಒಬ್ಬರೂ ಪ್ರಜೆಗಳಿಲ್ಲದೆ ಏನು ಆಡಿಯಾರು?

ಹೇಗೆ ಇಟ್ಟುಕೊಳ್ಳಬೇಕು?

ಮರದ ಪೆಟ್ಟಿಗೆಯಲ್ಲಿ, ತೇವವಿಲ್ಲದ ಜಾಗದಲ್ಲಿ. ಹುಣಸೆ ಬೀಜದ ಅಂಟು ಹುಳುವಿಗೆ ಹಬ್ಬದೂಟ, ಆಗಾಗ ಹೊರತೆಗೆದು ನೋಡಿ. ಕೈ ತೊಳೆದು ಒರೆಸಿಕೊಂಡು ಮುಟ್ಟಿ. ಆಟದ ನಡುವೆ ಚಕ್ಕುಲಿ ಬೇಡ ಎಂದು ಹೇಳಬೇಕೆಂದುಕೊಂಡೆ, ನಾವೇ ಪಾಲಿಸದ ನಿಯಮ, ಬಿಡಿ.

ಒಂದು ಎಲೆ ಕಳೆದುಹೋದರೆ, ಕೆಟ್ಟುಹೋದರೆ?

ಬರೆದವರನ್ನೇ ಕೇಳಿ, ಬರೆದುಕೊಡುತ್ತಾರೆ. ಆದರೆ ಹೊಸ ಎಲೆಯ ಬೆನ್ನು ಹಳೆಯವಕ್ಕಿಂತ ಹೊಳೆಯುತ್ತದೆ. ನಾಲ್ಕು ಆಟ ಕಳೆದರೂ ಎಲ್ಲರಿಗೂ ಅದು ಯಾರ ಕೈಯಲ್ಲಿದೆ ಎಂದು ಗೊತ್ತಾಗುತ್ತದೆ. ನಮ್ಮ ವಾಮನನದೂ ಅದೇ ಪಾಡು. ಕಾಫಿಯ ಬಳೆ ಬೆನ್ನ ಮೇಲೆ ಇರುವವರೆಗೆ ಅವನು ಬಚ್ಚಿಟ್ಟುಕೊಳ್ಳುವ ಹಾಗಿಲ್ಲ. ಹೊಸ ಎಲೆ ಬರೆಸಲು ಅತ್ತೆ ಒಪ್ಪಲಿಲ್ಲ, ನಿಯಮವನ್ನೇ ತಿದ್ದಿದರು. ಈಗ ನಮ್ಮಲ್ಲಿ ವಾಮನ ಯಾರಿಗೆ ಬಂದರೂ ಆಟಕ್ಕೆ ಮೊದಲೇ ಅವನನ್ನು ಮುಖ ಮೇಲಾಗಿ ಬಟ್ಟೆಯ ಮೇಲೆ ಇಟ್ಟುಕೊಳ್ಳಬೇಕು. ಆ ನೆಂಟರು ಬಂದಾಗಲೆಲ್ಲ ಅದೇ ಎಲೆ ಅವರ ಪಾಲಿಗೇ ಬೀಳುತ್ತದೆ.